ದೀಪಕ್ಕೊಂದು ದೃಷ್ಟಿಬೊಟ್ಟು

ಹೋದ ಭಾನುವಾರ ಹಳೇ ಟ್ರಂಕಿನಲ್ಲಿದ್ದ ಫೋಟೊಗಳನ್ನು ತೆಗೆದು ಬಿಸಿಲಿಗೆ ಹರಡುತ್ತಿದ್ದೆ. ಅದರಲ್ಲೊಂದು 1978ರದ್ದು. ನಾವು ಐದಾರು ಜನ ಗುಮಾಸ್ತರು ಅಗಲ ಕಾಲಿನ ಪ್ಯಾಂಟು ತೊಟ್ಟು, ಮ್ಯಾನೇಜರ್ ಸಾಹೇಬರ ಅಂಬಾಸಿಡರ್ ಕಾರಿನ ಮುಂದೆ ಎದೆಯುಬ್ಬಿಸಿ ನಿಂತಿದ್ದೇವೆ. ಕಾರು ನಮ್ಮದೇ ಅನ್ನುವ ಹಾಗೆ! ನಮ್ಮ ಪುಟ್ಟಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ನನ್ನ ಕಪ್ಪು ಮೀಸೆಯೂ ಬೇಡವಾಗಿತ್ತು, ತಲೆತುಂಬಾ ಇದ್ದ ಕೂದಲೂ ಬೇಡವಾಗಿತ್ತು. ಕಾರಿನ ದೀಪದ ಮೇಲೆ ಬೆರಳಿಟ್ಟು ಕೇಳಿದಳು:

"ತಾತಾ, ಕಾರಿಗೆ ಯಾಕೆ ದೃಷ್ಟಿಬೊಟ್ಟು ಇಟ್ಟಿದ್ದಾರೆ?"

ನೋಡಿದರೆ ಹೌದು. ಎರಡೂ ಹೆಡ್‌ಲೈಟಿನ ಗಾಜಿನ ನಟ್ಟನಡುವೆ ಒಂದೊಂದು ಕಪ್ಪು ಬೊಟ್ಟು. ನನ್ನ ವಯಸ್ಸಿನವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಕೂಟರು, ಮೋಟಾರ್ ಸೈಕಲ್ಲು, ಯಾವುದೇ ಇರಲಿ, ದೀಪದ ಗಾಜಿಗೆ ಕಪ್ಪು ಬಣ್ಣದ ಬೊಟ್ಟು ಇಡುತ್ತಿದ್ದರು. ಕೆಲವರು ಗಾಜಿನ ಮೇಲರ್ಧಕ್ಕೇ ಬಣ್ಣ ಬಳಿಯುತ್ತಿದ್ದರು. ಬೊಟ್ಟಿಲ್ಲದಿದ್ದರೆ ಪೊಲೀಸರು ತಡೆದು ಕೇಳುತ್ತಿದ್ದ ಕಾಲವೂ ಇತ್ತು. ಎದುರಿನಿಂದ ಬರುವವನ ಕಣ್ಣಿಗೆ ಬೆಳಕು ನೇರವಾಗಿ ಹೊಡೆಯದೆ ಸ್ವಲ್ಪವಾದರೂ ತಗ್ಗಲಿ ಎಂಬ ಉಪಾಯ ಅದು.

"ದೃಷ್ಟಿಬೊಟ್ಟೇ ಕಣಮ್ಮ. ಆದರೆ ಕಾರಿಗೆ ದೃಷ್ಟಿ ತಾಗದಿರಲಿ ಅಂತ ಅಲ್ಲ, ಎದುರಿನವರ ದೃಷ್ಟಿ ಹಾಳಾಗದಿರಲಿ ಅಂತ" ಎಂದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಕಾರಿಗೂ ಆವತ್ತು ಬೊಟ್ಟು ಇದ್ದಿದ್ರೆ ಆ ತಾತ ಬೀಳ್ತಾ ಇರ್ಲಿಲ್ಲ ಅಲ್ವಾ?" ಎಂದಳು.

ಆ ಮಾತು ನನಗೆ ಚುರುಕ್ಕೆಂದಿತು. ಅದಕ್ಕೇ ಈ ವಾರ ಆ ಕತೆಯನ್ನೇ ಹೇಳಿಬಿಡುತ್ತೇನೆ. ತಪ್ಪು ನನ್ನದೇ ಆದ್ದರಿಂದ ಹೇಳುವುದಕ್ಕೆ ಸ್ವಲ್ಪ ಸಂಕೋಚ. ಆದರೂ ಹೇಳುತ್ತೇನೆ.

ನಿವೃತ್ತಿಯಾದಾಗ ಬಂದ ಹಣದಲ್ಲಿ ಕೊಂಡ ಪುಟ್ಟ ಕಾರು ನಮ್ಮದು. ಅದಕ್ಕೀಗ 13 ವರ್ಷ. ಕಳೆದ ಒಂದೆರಡು ವರ್ಷದಿಂದ ರಾತ್ರಿ ಹೊತ್ತು ಅದರಲ್ಲಿ ಹೋಗುವಾಗ ನನಗೆ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಓಡಿಸುವವನು ಹಿರಿಯ ಮೊಮ್ಮಗ, ಪಕ್ಕದಲ್ಲಿ ಕೂತು ಗೊಣಗುವವನು ನಾನು. "ಇದೇನಪ್ಪಾ ದೀಪ, ಸೀಮೆಎಣ್ಣೆ ಬುಡ್ಡಿ ಹಿಡಿದುಕೊಂಡು ಹೋದ ಹಾಗಿದೆ" ಎನ್ನುತ್ತಿದ್ದೆ. ಹತ್ತು ಸಲ ಕೇಳಿಸಿಕೊಂಡ ಅವನು ಹನ್ನೊಂದನೆಯ ಸಲಕ್ಕೆ, "ತಾತಾ, 2,400 ರೂಪಾಯಿ ಕೊಡಿ. ಎಲ್‌ಇಡಿ ಬಲ್ಬ್ ಹಾಕಿಸ್ತೀನಿ. ಹಗಲಾಗಿಬಿಡುತ್ತೆ" ಎಂದ. ನಾನು ಖುಷಿಯಿಂದ ಎಣಿಸಿಕೊಟ್ಟೆ.

ಬಲ್ಬು ಬಂತು. ಡಬ್ಬದ ಮೇಲೆ ಎಷ್ಟೆಷ್ಟೋ ಸಾವಿರದ ಲೆಕ್ಕ, ನೀಲಿ ಮಿಂಚಿನ ಚಿತ್ರ. ಹಳೇ ಬಲ್ಬು ತೆಗೆದು ಅದೇ ಜಾಗಕ್ಕೆ ಹೊಸದನ್ನು ಸಿಕ್ಕಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಂಜೆ ಕಾಂಪೌಂಡಿನೊಳಗೆ ದೀಪ ಹಾಕಿದ. ಗೋಡೆಯೆಲ್ಲ ಹಾಲು ಸುರಿದಂತೆ ಬೆಳ್ಳಗಾಯಿತು. ಎದುರುಮನೆಯ ಮಾವಿನ ಮರದ ತುದಿಯ ಎಲೆಯೂ ಕಾಣಿಸಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ರಸ್ತೆ ನೋಡಲು ಹಾಕಿಸಿದ ದೀಪ ಮಾವಿನ ಮರದ ತುದಿಯನ್ನು ಯಾಕೆ ತೋರಿಸಬೇಕು ಎಂದು ಒಬ್ಬರೂ ಕೇಳಲಿಲ್ಲ. ಮಕ್ಕಳೇ, ಈ ಮಾವಿನ ಮರವನ್ನು ನೆನಪಿಟ್ಟುಕೊಳ್ಳಿ.

ಮುಂದಿನ ವಾರ ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ನೆಂಟರ ಮನೆಯ ಮದುವೆ. ಮುಗಿಸಿಕೊಂಡು ಮೈಸೂರಿಗೆ ಹೊರಟಾಗ ರಾತ್ರಿ ಎಂಟು ಗಂಟೆ. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. ದಾರಿಯುದ್ದಕ್ಕೂ ಎದುರಿನಿಂದ ಬಂದವರೆಲ್ಲ ನಮಗೆ ದೀಪ ಮಿಟುಕಿಸಿದ್ದೇ ಮಿಟುಕಿಸಿದ್ದು. ಲಾರಿಯವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿದ. ಅದು ಆಶೀರ್ವಾದವಂತೂ ಆಗಿರಲಾರದು. "ಡಿಮ್ ಮಾಡೋ" ಎಂದೆ. "ಡಿಮ್‌ನಲ್ಲೇ ಇದೆ ತಾತಾ, ನೋಡಿ ಬೇಕಾದ್ರೆ" ಎಂದ. ನಿಜವಾಗಿಯೂ ಡಿಮ್‌ನಲ್ಲೇ ಇತ್ತು.

ಪುಟ್ಟಿ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಿನ ಗಾಜಿನಿಂದ ಹೊರಗೆ ನೋಡುತ್ತಿದ್ದಳು. ಗದ್ದೆಬಯಲಿನ ನಡುವಿನ ಇಕ್ಕಟ್ಟಾದ ರಸ್ತೆ. ಒಂದು ಮೊಪೆಡ್ ನಮ್ಮನ್ನು ದಾಟಿ ಹೋಯಿತು. ನಮಗೆ ಏನೂ ಅನ್ನಿಸಲಿಲ್ಲ. ಅಷ್ಟರಲ್ಲಿ ಪುಟ್ಟಿ ಹೇಳಿದಳು: "ತಾತಾ, ಹಿಂದೆ ಹೋಗ್ತಿದ್ದ ಕೆಂಪು ದೀಪ ಕೆಳಗೆ ಬಿದ್ದುಹೋಯ್ತು."

ಕಾರು ನಿಲ್ಲಿಸಿ ಹಿಂದಕ್ಕೆ ಓಡಿದೆವು. ಮೊಪೆಡ್ ಟಾರು ರಸ್ತೆಯಿಂದ ಜಾರಿ ಪಕ್ಕದ ಕಾಲುವೆಯಂಚಿನ ತಗ್ಗಿನಲ್ಲಿ ಮಲಗಿತ್ತು. ಪಕ್ಕದಲ್ಲಿ ಒಂದು ಚೀಲ ರಾಗಿ ಚೆಲ್ಲಿತ್ತು. ನನ್ನದೇ ವಯಸ್ಸಿನ ಒಬ್ಬರು ಎದ್ದು ಕೂತಿದ್ದರು. ಅವರ ಜತೆ ಒಂಬತ್ತು ಹತ್ತು ವರ್ಷದ ಹುಡುಗಿ, ಸ್ಕೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳ ಮಂಡಿ ತರಚಿತ್ತು, ಅವರ ಅಂಗೈ ಕಿತ್ತಿತ್ತು. ದೇವರು ದೊಡ್ಡವನು, ಅಷ್ಟರಲ್ಲೇ ಮುಗಿದಿತ್ತು. ಇನ್ನು ಎರಡೇ ಮಾರು ಅತ್ತ ಹೋಗಿದ್ದರೆ ನೀರು.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಿಮ್ ಲೈಟ್ ಬಂದೇಟ್ಗೆ ರಸ್ತೇನೇ ಮಾಯ ಆಗೋಯ್ತು ಕಣಣ್ಣ" ಎಂದರು, ಅಷ್ಟೇ. ಆಮೇಲೆ ಮೊಮ್ಮಗಳ ತಲೆ ನೇವರಿಸುತ್ತ, "ನಂಗೇ ಕಣ್ಣು ಮಂದ" ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡರು.

ಗಾಯ ತೊಳೆದು, ರಾಗಿ ತುಂಬಿಕೊಟ್ಟು, ಅವರ ಊರಿನವರೆಗೆ ನಿಧಾನವಾಗಿ ಹಿಂದೆಯೇ ಹೋಗಿ ಬಿಟ್ಟುಬಂದೆವು. ಮೊಪೆಡ್ಡಿನ ಒಡೆದ ಗಾಜಿಗೆಂದು ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಮೊಮ್ಮಗ ಮಾರನೆಯ ವಾರ ಹೊಸ ಗಾಜು ತೆಗೆದುಕೊಂಡು ಹೋಗಿ ತಾನೇ ಹಾಕಿಕೊಟ್ಟು ಬಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪುಟ್ಟಿ ಹಿಂದಕ್ಕೆ ನೋಡದೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ದೀಪ ಚೆನ್ನಾಗಿದೆ ಎಂದು ಹೊಗಳುತ್ತ ಮನೆ ಸೇರುತ್ತಿದ್ದೆವು. ಕಣ್ಣು ಕುಕ್ಕಿಸಿದವನಿಗೆ ತಾನು ಏನು ಮಾಡಿದೆ ಎಂಬುದು ಕಾಣುವುದೇ ಇಲ್ಲ. ಅದು ಯಾವಾಗಲೂ ಅವನ ಬೆನ್ನ ಹಿಂದೆ ನಡೆಯುತ್ತದೆ.

ಎರಡು ದಿನ ಬಿಟ್ಟು ಮೊಮ್ಮಗನೂ ನಾನೂ ಒಬ್ಬ ಹಳೇ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ನಲವತ್ತು ವರ್ಷದಿಂದ ವಾಹನಗಳ ವೈರು ನೋಡಿದವರು. ನನ್ನ ಕತೆಯನ್ನೆಲ್ಲ ಕೇಳಿ, ಕಾರಿನ ದೀಪದ ಮೇಲೆ ಬೆರಳಾಡಿಸಿ, ಒಂದೇ ಮಾತು ಕೇಳಿದರು: "ಸಾರ್, ಕನ್ನಡಕ ಕೊಳೆಯಾಗಿದ್ರೆ ಮನೆಯ ಟ್ಯೂಬ್‌ಲೈಟ್ ಬದಲಾಯಿಸ್ತೀರಾ?"

ನೋಡಿದರೆ ದೀಪದ ಹೊರಕವಚ ಹಳೇ ದಂತದ ಹಾಗೆ ಹಳದಿಯಾಗಿ ಮಬ್ಬಾಗಿತ್ತು. ಫೋಟೊದಲ್ಲಿದ್ದ ಅಂಬಾಸಿಡರಿನ ದೀಪಕ್ಕೆ ಗಾಜು. ಈಗಿನ ಕಾರುಗಳಿಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದು ಹಗುರ, ಕಲ್ಲು ತಾಗಿದರೂ ಬೇಗ ಒಡೆಯದು. ಆದರೆ ಬಿಸಿಲಿನ ಅತಿನೇರಳೆ ಕಿರಣ ಅದರ ಶತ್ರು. ಮೇಲಿರುವ ರಕ್ಷಣೆಯ ಲೇಪ ಸವೆದಂತೆ ಅದು ಹಳದಿಯಾಗುತ್ತದೆ. ವರ್ಷವೆಲ್ಲ ಬಿಸಿಲಲ್ಲಿ ನಿಲ್ಲುವ ಕಾರಿಗೆ ಇದು ಬೇಗ ಬರುತ್ತದೆ. ನಮ್ಮ ಕಾರಿಗೆ ಬಂದಿದ್ದದ್ದು ಕಣ್ಣಿನ ಪೊರೆ. ನಾವು ಅದಕ್ಕೆ ಕೊಟ್ಟದ್ದು ದೊಡ್ಡ ಬಲ್ಬು.

ಆಮೇಲೆ ಅವರು ಹಳೇ ಬಲ್ಬನ್ನು ಕೈಗೆತ್ತಿಕೊಂಡು ಮೊಮ್ಮಗನಿಗೆ ಪಾಠ ಮಾಡಿದರು. ನಾನೂ ಹಿಂದೆ ನಿಂತು ಕಲಿತೆ. ನೀವೂ ಕೇಳಿ ಮಕ್ಕಳೇ, ಬಲು ಸೊಗಸಾಗಿದೆ.

ನಮ್ಮ ಸಾಧಾರಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎಚ್-4 ಎಂಬ ಹ್ಯಾಲೊಜೆನ್ ಬಲ್ಬು. ಇದು 1971ರಲ್ಲಿ ಬಂದದ್ದು. ಒಂದೇ ಬಲ್ಬಿನೊಳಗೆ ಎರಡು ತಂತಿಸುರುಳಿ. ಒಂದು 60 ವ್ಯಾಟ್, ದೂರಕ್ಕೆ ಹೊಡೆಯುವ ಬ್ರೈಟ್ ದೀಪಕ್ಕೆ. ಇನ್ನೊಂದು 55 ವ್ಯಾಟ್, ಡಿಮ್ ದೀಪಕ್ಕೆ. ಡಿಮ್ ಸುರುಳಿಯ ಕೆಳಗೆ ಮಾತ್ರ ಒಂದು ಪುಟಾಣಿ ತಗಡಿನ ಬಟ್ಟಲು ಇರುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕದು. ಆ ಬಟ್ಟಲು ಬೆಳಕನ್ನು ಕೆಳಗೆ ಹೋಗದಂತೆ ತಡೆಯುತ್ತದೆ. ಹಾಗಾಗಿ ಬೆಳಕು ಹಿಂದಿರುವ ಹೊಳೆಯುವ ಬಾಣಲೆಯ, ಅಂದರೆ ಪ್ರತಿಫಲಕದ, ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ತಲೆತಗ್ಗಿಸಿ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ತಡೆದರೆ ರಸ್ತೆಯ ಮೇಲೆ ಮೇಲಕ್ಕೆ ಹೋಗುವ ಬೆಳಕು ನಿಲ್ಲುತ್ತದೆ! ಗೋಡೆಯ ಮುಂದೆ ಕಾರು ನಿಲ್ಲಿಸಿ ಡಿಮ್ ಹಾಕಿದರೆ ಅಳತೆ ಹಿಡಿದು ಗೆರೆ ಎಳೆದ ಹಾಗೆ ಮೇಲೆ ಕತ್ತಲು, ಕೆಳಗೆ ಬೆಳಕು ಕಾಣುತ್ತದೆ.

ಅಷ್ಟೇ ಅಲ್ಲ. ಆ ಗೆರೆ ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರುತ್ತದೆ, ಸುಮಾರು 15 ಡಿಗ್ರಿ. ಯಾಕೆ ಗೊತ್ತೆ? ನಾವು ರಸ್ತೆಯ ಎಡಕ್ಕೆ ಓಡಿಸುವವರು. ಎಡಗಡೆ ಅಂಚಿನಲ್ಲಿ ನಡೆದು ಹೋಗುವವರು, ಮೈಲಿಗಲ್ಲು, ನಿಂತ ಎತ್ತಿನ ಗಾಡಿ ಕಾಣಬೇಕು. ಬಲಗಡೆಯಿಂದ ಎದುರು ವಾಹನ ಬರುತ್ತದೆ, ಅಲ್ಲಿ ಬೆಳಕು ತಗ್ಗಿರಬೇಕು. ಅಮೆರಿಕ, ಜರ್ಮನಿಗಳಲ್ಲಿ ಬಲಕ್ಕೆ ಓಡಿಸುತ್ತಾರೆ, ಅಲ್ಲಿಯ ದೀಪಗಳು ಇದಕ್ಕೆ ತದ್ವಿರುದ್ಧ. ಅಲ್ಲಿಂದ ಯಾರಾದರೂ ಪ್ರೀತಿಯಿಂದ ಕಾರಿನ ದೀಪ ತಂದುಕೊಟ್ಟರೆ ಷೋಕೇಸಿನಲ್ಲಿಡಿ, ಕಾರಿಗೆ ಹಾಕಬೇಡಿ.

ಅಂದರೆ ಹೆಡ್‌ಲೈಟ್ ಎಂದರೆ ಬರೀ ಬಲ್ಬಲ್ಲ. ಬಲ್ಬು, ಬಾಣಲೆ, ಕವಚ ಮೂರೂ ಸೇರಿ ಒಂದು ಸಂಸಾರ. ಸುರುಳಿ ಇರಬೇಕಾದ ಜಾಗದಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ದಾರಿ ತಪ್ಪುತ್ತದೆ. ನಾವು ಹಾಕಿಸಿದ್ದ ಎಲ್‌ಇಡಿ ಬಲ್ಬಿನಲ್ಲಿ ಬಟ್ಟಲು ಹೆಸರಿಗೆ ಇತ್ತು. ಆದರೆ ಬೆಳಕು ಕೊಡುವ ಚುಕ್ಕೆಗಳು ಕೂತಿದ್ದ ಜಾಗ, ಅವುಗಳ ಗಾತ್ರ, ಅವು ಮುಖ ಮಾಡಿದ್ದ ದಿಕ್ಕು ಎಲ್ಲವೂ ಬೇರೆ. ನಮ್ಮ ಬಾಣಲೆಗೆ ಆ ಬೆಳಕನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗದೆ ಸಿಕ್ಕಸಿಕ್ಕಲ್ಲಿಗೆ ಎರಚಿತ್ತು. ಮಾವಿನ ಮರದ ತುದಿಗೂ, ಆ ಹಿರಿಯರ ಕಣ್ಣಿಗೂ. ಕಂಪೆನಿಯಿಂದಲೇ ಎಲ್‌ಇಡಿ ದೀಪದೊಡನೆ ಬರುವ ಹೊಸ ಕಾರುಗಳ ಮಾತು ಬೇರೆ. ಅಲ್ಲಿ ಬಾಣಲೆಯನ್ನೂ ಆ ಬೆಳಕಿಗೆ ತಕ್ಕಂತೆಯೇ ಮಾಡಿರುತ್ತಾರೆ. ದೋಷ ಎಲ್‌ಇಡಿಯದಲ್ಲ, ಹೊಂದಿಕೆಯಿಲ್ಲದ ಮದುವೆಯದು.

ಇನ್ನೊಂದು ತಪ್ಪೂ ಅವತ್ತು ಸೇರಿಕೊಂಡಿತ್ತು. ಡಿಕ್ಕಿಯಲ್ಲಿದ್ದ ತೆಂಗಿನಕಾಯಿ ಮೂಟೆ! ಹಿಂದೆ ಭಾರ ಬಿದ್ದರೆ ಕಾರಿನ ಮೂಗು ಮೇಲೇಳುತ್ತದೆ, ಜತೆಗೆ ದೀಪವೂ. ಮೂಗು ಒಂದೇ ಒಂದು ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ರಸ್ತೆಯಿಂದ ಎದ್ದು ಮುಖಕ್ಕೆ ಬರಲು ಅಷ್ಟು ಸಾಕು. ಇದಕ್ಕೆಂದೇ ಹಲವು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಎಂದು ಬರೆದ ಒಂದು ಸಣ್ಣ ಚಕ್ರ ಇರುತ್ತದೆ. ಹಿಂದೆ ಭಾರವಿದ್ದಾಗ ಅದನ್ನು ತಿರುಗಿಸಿ ದೀಪ ತಗ್ಗಿಸಬೇಕು. ಎಷ್ಟೋ ಮನೆಗಳಲ್ಲಿ ಅದು ಏನೆಂದೇ ಗೊತ್ತಿಲ್ಲದೆ ಹತ್ತು ವರ್ಷದಿಂದ ಸೊನ್ನೆಯಲ್ಲೇ ಕೂತಿರುತ್ತದೆ. ಇವತ್ತೇ ಹೋಗಿ ನೋಡಿ.

ಎಲೆಕ್ಟ್ರಿಷಿಯನ್ ಮಾಡಿದ ರಿಪೇರಿ ನಾಲ್ಕು ಹೆಜ್ಜೆಯದು.

ಮೊದಲು ಕವಚದ ಪೊರೆ ತೆಗೆದರು. ನುಣುಪಾದ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ, ಮೊದಲು ಸ್ವಲ್ಪ ಒರಟು, ಆಮೇಲೆ 1500, 2000 ನಂಬರಿನ ನಯವಾದದ್ದು ಹೀಗೆ ಉಜ್ಜಿ, ಪಾಲಿಷ್ ಹಾಕಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪ ಕೊಟ್ಟರು. ಈ ಕೊನೆಯ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದಂತೆ. ಟೂತ್‌ಪೇಸ್ಟ್ ಉಜ್ಜಿದರೆ ಹೊಳೆಯುತ್ತದೆ ಎನ್ನುವುದೂ ನಿಜ, ಆದರೆ ಆ ಹೊಳಪು ಹಬ್ಬ ಮುಗಿಯುವವರೆಗೆ.

ಎರಡನೆಯದು ವೈರು. ಮೀಟರ್ ಇಟ್ಟು ತೋರಿಸಿದರು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಬುಡದಲ್ಲಿ 12.4. ಮಧ್ಯೆ ನೂರಕ್ಕೆ ಹತ್ತು ಭಾಗ ಹಳೇ ವೈರಿನಲ್ಲಿ, ಸ್ವಿಚ್ಚಿನಲ್ಲಿ ಸೋರಿಹೋಗಿತ್ತು. ವೋಲ್ಟ್ ಹತ್ತು ಭಾಗ ಇಳಿದರೆ ಬೆಳಕು ಹತ್ತು ಭಾಗವಲ್ಲ, ಸುಮಾರು ಮೂವತ್ತು ಭಾಗ ಇಳಿಯುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇ ಹಾಗೆ. ಅವರು ಫ್ಯೂಸ್ ಹಾಕಿ, ರಿಲೇ ಕೂಡಿಸಿ, ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ದಪ್ಪ ವೈರು ಎಳೆದರು. ರಿಲೇ ಎಂದರೆ ನಮ್ಮ ಬ್ಯಾಂಕಿನ ಮ್ಯಾನೇಜರ್ ಇದ್ದ ಹಾಗೆ. ಸ್ವಿಚ್ಚು ಬರೀ ಸಹಿ ಹಾಕುತ್ತದೆ, ದೊಡ್ಡ ಮೊತ್ತ ಬೇರೆ ದಾರಿಯಲ್ಲಿ ಹೋಗುತ್ತದೆ.

ಮೂರನೆಯದು ಬಲ್ಬು. ಅದೇ ಹಳೇ ಮಾದರಿಯ 60/55 ವ್ಯಾಟಿನ ಹೊಸ ಹ್ಯಾಲೊಜೆನ್ ಜೋಡಿ. ಬಲ್ಬಿನ ಬುಡದಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಅದು ಅಂತಾರಾಷ್ಟ್ರೀಯ ಅಳತೆಗೆ ಒಪ್ಪಿಗೆ ಪಡೆದದ್ದು. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಲೇ ಇಲ್ಲ, ಬಟ್ಟೆಯಲ್ಲಿ ಹಿಡಿದರು. ನಮ್ಮ ಬೆರಳಿನ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಬಲ್ಬು ಬೇಗ ಸಾಯುತ್ತದೆ.

ನಾಲ್ಕನೆಯದು, ಯಾರೂ ಮಾಡಿಸದ ಕೆಲಸ, ಗುರಿ ಹೊಂದಿಸುವುದು. ಸಮತಟ್ಟು ನೆಲದಲ್ಲಿ ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿದರು. ಟೈರಿನ ಗಾಳಿ ಸರಿಮಾಡಿ, ಮೊಮ್ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ದೀಪದ ನಡುಮಧ್ಯ ನೆಲದಿಂದ 65 ಸೆಂಟಿಮೀಟರ್ ಇತ್ತು. ಗೋಡೆಯ ಮೇಲೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ, ಅಂದರೆ 55ಕ್ಕೆ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ದೀಪದ ಹಿಂದಿರುವ ತಿರುಪನ್ನು ತಿರುಗಿಸುತ್ತ ಬೆಳಕಿನ ಅಂಚನ್ನು ಆ ಗೆರೆಗೆ ತಂದು ಕೂರಿಸಿದರು. ಲೆಕ್ಕದ ಮಕ್ಕಳೇ, ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯುವ ಬೆಳಕಿನ ಅಂಚು 65 ಸೆಂಟಿಮೀಟರ್ ಎತ್ತರದಿಂದ ಹೊರಟರೆ ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ? 65 ಮೀಟರ್! ಸಾಧಾರಣ ವೇಗಕ್ಕೆ ಅದು ಸಾಕು.

ಖರ್ಚು ಬರೆದಿಟ್ಟಿದ್ದೇನೆ, ಅಭ್ಯಾಸ ಬಿಡದು. ಪಾಲಿಷ್ 600, ವೈರು ಮತ್ತು ರಿಲೇ 900, ಬಲ್ಬು ಜೋಡಿಗೆ 500. ಒಟ್ಟು 2,000. ಎಲ್‌ಇಡಿಗಿಂತ 400 ಕಡಿಮೆ. ಆ ಸಂಜೆ ಮೊಮ್ಮಗ ಕಾರು ತೆಗೆದಾಗ ನನಗೆ ರಸ್ತೆ ಸ್ಪಷ್ಟವಾಗಿ, ದೂರದವರೆಗೆ ಕಂಡಿತು. ಎಲ್‌ಇಡಿ ಹಾಕಿದ್ದಾಗ ಕಂಡದ್ದಕ್ಕಿಂತಲೂ ದೂರ! ಇದೇನು ಮಾಯೆ ಎಂದು ಕೇಳಿದ್ದಕ್ಕೆ ಎಲೆಕ್ಟ್ರಿಷಿಯನ್ ನಕ್ಕರು. ಬಾನೆಟ್ಟಿನ ಮುಂದೆ ಹತ್ತಾರು ಅಡಿ ಕಣ್ಣು ಕುಕ್ಕುವಷ್ಟು ಬೆಳಗಿದ್ದರೆ ನಮ್ಮ ಪಾಪೆ ಕಿರಿದಾಗುತ್ತದೆ, ಆಗ ದೂರದ ಮಸಕು ಕಾಣದೇ ಹೋಗುತ್ತದೆ. ಬೆಳಕು ಜಾಸ್ತಿ ಎನ್ನುವುದೂ, ಚೆನ್ನಾಗಿ ಕಾಣುತ್ತದೆ ಎನ್ನುವುದೂ ಒಂದೇ ಅಲ್ಲ.

ಬ್ಯಾಂಕಿನಲ್ಲಿ ನಾವು ಕಲಿತ ಮೊದಲ ಪಾಠ, ಪ್ರತಿ ಜಮೆಗೂ ಎಲ್ಲೋ ಒಂದು ಖರ್ಚು ಇರುತ್ತದೆ ಎಂಬುದು. ನನ್ನ ಖಾತೆಗೆ ಬೆಳಕು ಜಮೆಯಾಗುವಾಗ ಅದು ಯಾರ ಖಾತೆಯಿಂದ ಹೋಗುತ್ತಿದೆ ಎಂದು ನಾನು ನೋಡಿರಲಿಲ್ಲ. ಆ ರಾತ್ರಿ ಅದು ಒಬ್ಬ ಹಿರಿಯರ, ಒಂದು ಮಗುವಿನ ಖಾತೆಯಿಂದ ಹೋಗಿತ್ತು.

ಕಾರಿನ ದೀಪ ಬದಲಾಯಿಸುವ ಆಸೆ ಇರುವ ಅಣ್ಣಂದಿರಿಗೆ, ಮಾವಂದಿರಿಗೆ ಇನ್ನೆರಡು ಮಾತು. ಕೆಲವರು 100 ವ್ಯಾಟಿನ ಬಲ್ಬು ಹಾಕಿಸುತ್ತಾರೆ. 55 ವ್ಯಾಟಿಗೆ ಸುಮಾರು 4.6 ಆಂಪಿಯರ್ ಕರೆಂಟು ಹರಿದರೆ 100 ವ್ಯಾಟಿಗೆ 8.3. ವೈರಿನ ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು ಮೂರು ಪಟ್ಟಿಗೂ ಮಿಕ್ಕುತ್ತದೆ. ಸ್ವಿಚ್ಚು ಕರಗುತ್ತದೆ, ಬಾಣಲೆಯ ಬೆಳ್ಳಿಬಣ್ಣ ಸುಡುತ್ತದೆ, ಬೆಂಕಿಯ ಭಯವೂ ಇದೆ. ನೀಲಿ ಛಾಯೆಯ ಬಲ್ಬು ನೋಡಲು ಷೋಕಿ, ಆದರೆ ನೀಲಿಬಿಳಿ ಬೆಳಕು ಎದುರಿನವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಮಂಜು ಕವಿದಾಗ ಬ್ರೈಟ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜಿನ ದೀಪವನ್ನು ಬಂಪರಿನ ಕೆಳಗೆ, ಅಗಲವಾಗಿ, ಚಪ್ಪಟೆಯಾಗಿ ಬೆಳಗುವಂತೆ ಇಡುವುದು ಅದಕ್ಕೇ.

ಕಾನೂನೂ ಸುಮ್ಮನೆ ಕೂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ದೀಪದ ಬೆಳಕು ಕೆಳಗೆ ತಗ್ಗಿರಬೇಕು ಎನ್ನುತ್ತದೆ. ದೀಪದಿಂದ 8 ಮೀಟರ್ ಎದುರಿಗೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಕಣ್ಣು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನಮ್ಮ ನಿಮ್ಮ ಮನೆಯ ಅಜ್ಜಿಯ ಕಣ್ಣಿನ ಎತ್ತರ! 2024ರ ಜುಲೈನಿಂದ ನಮ್ಮ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕಾರ್ಯಾಚರಣೆಯನ್ನೂ ಮಾಡಿದ್ದಾರೆ.

ಇನ್ನು ನನ್ನ ಓರಗೆಯವರಿಗೆ. ಅರವತ್ತು ದಾಟಿದ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಎಂದು ಕಣ್ಣಿನ ತಜ್ಞರು ಹೇಳುತ್ತಾರೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಮಂಕಾಗಿರುತ್ತದೆ. ಅದರ ಮೇಲೆ ಒಮ್ಮೆ ಕಣ್ಣು ಕುಕ್ಕಿತೆಂದರೆ ಮತ್ತೆ ನೋಟ ತಿಳಿಯಾಗಲು ನಮಗೆ ಹುಡುಗರಿಗಿಂತ ಹೆಚ್ಚು ಹೊತ್ತು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರೇ ಮೂರು ಸೆಕೆಂಡ್ ಕುರುಡಾದರೂ ವಾಹನ 50 ಮೀಟರ್ ಹೋಗಿಬಿಟ್ಟಿರುತ್ತದೆ. ಆದ್ದರಿಂದ ದೀಪ ಮಂಕಾಗಿದೆ ಎಂದು ಗೊಣಗುವ ಮೊದಲು ಕಣ್ಣಿನ ಡಾಕ್ಟರರನ್ನು ಕಾಣಿ. ನಾನೂ ಹೋಗಿದ್ದೆ. ಎಡಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆಯಂತೆ. ಕಾರಿಗೂ ನನಗೂ ಒಂದೇ ಕಾಯಿಲೆ! ಎದುರು ದೀಪ ಬಂದಾಗ ಅದನ್ನೇ ದಿಟ್ಟಿಸಬೇಡಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ನೋಟ ಇಟ್ಟು ವೇಗ ತಗ್ಗಿಸಿ. ಕನ್ನಡಕವನ್ನೂ ಕಾರಿನ ಮುಂದಿನ ಗಾಜನ್ನೂ ಒರೆಸಿಟ್ಟುಕೊಳ್ಳಿ.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಮನೆಯಲ್ಲಿ ತಲೆ ತಿರುಗಿಸುವ ಹಳೇ ಟಾರ್ಚ್ ಇದ್ದರೆ ಅಜ್ಜನ ಹತ್ತಿರ ಕೇಳಿ ತೆಗೆದುಕೊಳ್ಳಿ. ಕತ್ತಲ ಕೋಣೆಯಲ್ಲಿ ಗೋಡೆಗೆ ಹಿಡಿದು ತಲೆಯನ್ನು ನಿಧಾನವಾಗಿ ತಿರುಗಿಸಿ. ಚುಕ್ಕೆಯಂತಿದ್ದ ಬೆಳಕು ಹರಡಿ ಬಳೆಯಂತಾಗುತ್ತದೆ. ಬಲ್ಬು ಅದೇ, ಸೆಲ್ಲು ಅದೇ, ಬದಲಾದದ್ದು ಬಲ್ಬು ಮತ್ತು ಬಾಣಲೆಯ ನಡುವಿನ ಸ್ವಲ್ಪವೇ ಅಂತರ. ಎರಡನೆಯದು, ದೊಡ್ಡವರನ್ನು ಜತೆಗಿಟ್ಟುಕೊಂಡು, ನಿಮ್ಮ ಮನೆಯ ಕಾರನ್ನೋ ಸ್ಕೂಟರನ್ನೋ ಗೋಡೆಯೆದುರು ನಿಲ್ಲಿಸಿ ಡಿಮ್ ದೀಪ ಹಾಕಿಸಿ. ಬೆಳಕಿನ ಮೇಲಂಚು ದೀಪಕ್ಕಿಂತ ಕೆಳಗಿದೆಯೇ, ಮೇಲಿದೆಯೇ ನೋಡಿ. ಮೇಲಿದ್ದರೆ ಅಪ್ಪನಿಗೋ ಮಾವನಿಗೋ ಹೇಳಿ. ಹೇಳಿದ್ದನ್ನು ಮರೆತರೆ ಮತ್ತೆ ಹೇಳಿ.

ಪುಟ್ಟಿಗೆ ಆವತ್ತು ನಾನು ಉತ್ತರ ಕೊಡಲಿಲ್ಲ. ಬೊಟ್ಟು ಇದ್ದಿದ್ದರೆ ಅವರು ಬೀಳುತ್ತಿರಲಿಲ್ಲವೇ? ಗೊತ್ತಿಲ್ಲಮ್ಮ. ಈಗಿನ ಕಾರುಗಳಿಗೆ ಬೊಟ್ಟು ಇಡುವ ಅಗತ್ಯವಿಲ್ಲ, ಬಲ್ಬಿನೊಳಗಿನ ಆ ಉಗುರಿನಷ್ಟು ತಗಡಿನ ಬಟ್ಟಲೇ ಈಗಿನ ದೃಷ್ಟಿಬೊಟ್ಟು. ಅದನ್ನು ತೆಗೆದು ಬಿಸಾಡಿದ್ದು ನಾವು.

ಮೊನ್ನೆ ಮತ್ತೆ ಅದೇ ದಾರಿಯಲ್ಲಿ ರಾತ್ರಿ ಬಂದೆವು. ಎದುರಿನಿಂದ ಬಂದವರು ಯಾರೂ ದೀಪ ಮಿಟುಕಿಸಲಿಲ್ಲ. ಪುಟ್ಟಿ ಮಾತ್ರ ಹಿಂದಿನ ಸೀಟಿನಲ್ಲಿ ಮಂಡಿಯೂರಿ, ದಾಟಿಹೋದ ಕೆಂಪು ದೀಪಗಳನ್ನು ಮೈಸೂರು ಬರುವವರೆಗೂ ಎಣಿಸುತ್ತಿದ್ದಳು.